ಉಳಿದದ್ದನ್ನು ಉಣ್ಣುವವರು ಯಾರು?

ಸಮೀರವಾಡಿಯ ಗೋದಾವರಿ ಸಕ್ಕರೆ ಕಾರ್ಖಾನೆಗೆ ಬಂದ ಕಬ್ಬಿನಲ್ಲಿ ಕಸವೆಂದು ಬಿಸಾಡುವಂಥದ್ದು ಬಹಳ ಕಡಿಮೆ. ರಸ ಹಿಂಡಿದ ಸಿಪ್ಪೆ ಬಾಯ್ಲರಿಗೆ ಹೋಗಿ ಉಗಿಯೂ ವಿದ್ಯುತ್ತೂ ಆಗುತ್ತದೆ. ಸಕ್ಕರೆ ತೆಗೆದು ಉಳಿದ ಕಾಕಂಬಿಯಿಂದ ಎಥೆನಾಲ್ ಬರುತ್ತದೆ. ರಸ ಸೋಸಿದಾಗ ಸಿಕ್ಕ ಮಡ್ಡಿ ಗೊಬ್ಬರವಾಗಿ ಹೊಲ ಸೇರುತ್ತದೆ. ಇದನ್ನು ತಂತ್ರಜ್ಞಾನವೆಂದು ಗೌರವಿಸುತ್ತೇವೆ, ಗೌರವಿಸಲೂಬೇಕು. ಆದರೆ ಅದೇ ಸೀಮೆಯ ಅಡುಗೆಮನೆಯಲ್ಲಿ ಹೀರೇಕಾಯಿ ಸಿಪ್ಪೆಯನ್ನು ಎಣ್ಣೆಯಲ್ಲಿ ಹುರಿದು, ಹಸಿಮೆಣಸಿನಕಾಯಿ, ಹುಣಸೆಹಣ್ಣು ಸೇರಿಸಿ ಚಟ್ನಿ ಅರೆದವಳ ಕೆಲಸ ನಮಗೆ ಬಡತನದ ಗುರುತಾಗಿ ಕಾಣುತ್ತದೆ. ಈ ತಾರತಮ್ಯಕ್ಕೆ ಯಾವ ಆಧಾರವೂ ಇಲ್ಲ. ಎರಡೂ ಕಡೆ ಇರುವುದು ಒಂದೇ ವಿವೇಕ.

ಮುಧೋಳ, ಜಮಖಂಡಿ ಸೀಮೆಯ ಹಬ್ಬದೂಟವನ್ನೇ ನೋಡಿ. ಹೋಳಿಗೆಗೆಂದು ಕಡಲೆಬೇಳೆ ಬೇಯಿಸಿ ಬಸಿದ ನೀರನ್ನು ಯಾರೂ ಚೆಲ್ಲುವುದಿಲ್ಲ. ಆ ಕಟ್ಟಿಗೆ ಒಂದು ಹಿಡಿ ಹೂರಣ ಕದಡಿ, ಹುಣಸೆಹುಳಿ, ಹುರಿದರೆದ ಒಣಕೊಬ್ಬರಿ ಮಸಾಲೆ ಹಾಕಿ ಕುದಿಸಿದರೆ ಕಟ್ಟಿನ ಸಾರು. ಮರುದಿನ ಅದರ ರುಚಿ ಇನ್ನೂ ಏರುತ್ತದೆ. ಒಣಗಿದ ಜೋಳದ ರೊಟ್ಟಿಯದೂ ಇದೇ ಕಥೆ. ತುಂಡು ಮುರಿದು, ನೀರು ಚಿಮುಕಿಸಿ ಮೆತ್ತಗಾಗಿಸಿ, ಉಳ್ಳಾಗಡ್ಡಿ, ಕರಿಬೇವಿನ ಒಗ್ಗರಣೆ ಕೊಟ್ಟರೆ ಮುಂಜಾನೆಯ ನಾಷ್ಟಾ ಮುಗಿಯಿತು. ಸಂತೆ ಮುಗಿಯುವ ಹೊತ್ತಿಗೆ ಗುಂಪಿ ಹಾಕಿ ಅಗ್ಗಕ್ಕೆ ಮಾರುವ ಬದನೆಕಾಯಿ, ಟೊಮ್ಯಾಟೊಗಳಲ್ಲಿ ಯಾವುದು ಇಂದಿನ ಪಲ್ಯೆಗೆ, ಯಾವುದು ನಾಳೆಗೆ ಎಂದು ಒಂದೇ ನೋಟಕ್ಕೆ ಬೇರ್ಪಡಿಸುವುದು ಕಲಿತ ವಿದ್ಯೆ.

ಮಾಂಸ ಉಣ್ಣುವ ಮನೆಗಳಲ್ಲಿ ಈ ವಿದ್ಯೆ ಇನ್ನೂ ಕಠಿಣ. ತಲೆ, ಕಾಲು, ಬೋಟಿ ಅಗ್ಗಕ್ಕೆ ಸಿಗುತ್ತವೆ, ಆದರೆ ಅವುಗಳ ಉಳಿದ ಬೆಲೆಯನ್ನು ದುಡಿಮೆಯಲ್ಲಿ ತೆರಬೇಕು. ಬೋಟಿಯನ್ನು ಸೀಳಿ, ಬಿಸಿನೀರಿನಲ್ಲಿ ಅದ್ದಿ, ಕೆರೆದು, ಉಪ್ಪು, ಅರಿಶಿನ ಹಚ್ಚಿ, ವಾಸನೆ ಹೋಗುವ ತನಕ ಮತ್ತೆ ಮತ್ತೆ ತೊಳೆಯಬೇಕು. ಕಾಲುಗಳು ಗಂಟೆಗಟ್ಟಲೆ ಬೆಂದರೇ ಸಾರಿಗೆ ಸತ್ವ ಇಳಿಯುವುದು. ಕಬ್ಬಿಣಾಂಶ ಸಮೃದ್ಧವಾಗಿರುವ ಪಿತ್ತಜನಕಾಂಗವೂ ಈ ಸಾಲಿನದೇ. ಇವನ್ನು ಕೀಳು ಜನರ ಊಟವೆಂದು ಮೂಗು ಮುರಿಯುವುದು ಜಾತಿಯ ಅಹಂಕಾರವೇ ಹೊರತು ರುಚಿಯ ತೀರ್ಮಾನವಲ್ಲ.

ಈ ವಿವೇಕ ಈಗ ಜಗತ್ತಿಗೇ ಬೇಕಾಗಿದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯ ಪ್ರಕಾರ, 2022ರಲ್ಲಿ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಅದರಲ್ಲಿ ಶೇ. 60ರಷ್ಟು ವ್ಯರ್ಥವಾದದ್ದು ಮನೆಗಳಲ್ಲೇ.

ಹಾಗೆಂದು ಮಿತವ್ಯಯವನ್ನು ಹೊಗಳಿ ಸುಮ್ಮನಾದರೆ ಅನ್ಯಾಯವಾಗುತ್ತದೆ. ಹಣ ಉಳಿಯುವುದು ಯಾರದೋ ಸಮಯ ಖರ್ಚಾಗಿ. ಸೊಪ್ಪು ಸೋಸುವುದು, ಬೋಟಿ ಕೆರೆಯುವುದು, ಸಂಡಿಗೆ ಒಣಗಿಸುವುದು, ಇವುಗಳಿಗೆ ಹಿಡಿಯುವ ತಾಸುಗಳು ಮನೆಯ ಯಾವ ಲೆಕ್ಕದಲ್ಲೂ ಬರುವುದಿಲ್ಲ. ಹೊಲದಲ್ಲಿ ಕಳೆ ಕಿತ್ತು ಬಂದವಳೇ ಒಲೆಯ ಮುಂದೆಯೂ ಕೂಡಬೇಕು. ಗಂಡಸರಿಗೂ ಮಕ್ಕಳಿಗೂ ಬಿಸಿ ರೊಟ್ಟಿ ಬಡಿಸಿ, ಕೊನೆಗೆ ತಳದಲ್ಲಿ ಉಳಿದದ್ದನ್ನು ಉಣ್ಣುವವಳೂ ಅವಳೇ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿದೆ. ಅದಕ್ಕೆ ಕಾರಣಗಳು ಹಲವು. ಆದರೂ ತಟ್ಟೆಯ ಸರದಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಅದರ ಬಗ್ಗೆ ಮಾತಾಡುವುದು ಪ್ರಾಮಾಣಿಕವಲ್ಲ.

ಉಳಿತಾಯಕ್ಕೆ ಆರೋಗ್ಯದ ಗಡಿಯೂ ಇದೆ. ಒಣಗಿಸಿದ ಕಟಕ ರೊಟ್ಟಿ ವಾರಗಟ್ಟಲೆ ಕೆಡದಿರುವುದು ಅದರಲ್ಲಿ ನೀರಿನಂಶ ಬಹಳ ಕಡಿಮೆ ಇರುವುದರಿಂದ. ಅನ್ನ ಹಾಗಲ್ಲ. ಬೆಂದರೂ ಸಾಯದ ಬ್ಯಾಸಿಲಸ್ ಸೀರಿಯಸ್ ಬೀಜಾಣುಗಳು ಅದರಲ್ಲಿರಬಹುದು. ಅನ್ನವನ್ನು ಹೊರಗೇ ಬಹಳ ಹೊತ್ತು ಇಟ್ಟರೆ ಅವು ಬೆಳೆದು ಬಿಡುವ ವಿಷ ಮತ್ತೆ ಕಾಯಿಸಿದರೂ ಹೋಗದು. ಒಣಗಿದ್ದನ್ನು ಕಾಯ್ದಿಡು, ಹಸಿಯಾದದ್ದನ್ನು ಬೇಗ ಮುಗಿಸು ಎಂಬ ಹಿರಿಯರ ರೂಢಿ ಈ ವಿಜ್ಞಾನಕ್ಕೆ ಒಪ್ಪುತ್ತದೆ. ಹಳಸಿದ್ದನ್ನು ಚೆಲ್ಲಲು ಮನಸ್ಸಾಗದೆ ಮನೆಯ ಹೆಣ್ಣುಮಗಳು ತಾನೇ ಉಣ್ಣುವುದು ಉಳಿತಾಯವಲ್ಲ, ಅದು ಅವಳ ಮೈಗೆ ಬೀಳುವ ದಂಡ.

ಆದ್ದರಿಂದ ಮಿತವ್ಯಯದ ಅಡುಗೆ ಉಳಿಯಬೇಕಾದರೆ ಅದರ ಭಾರ ಹಂಚಿಹೋಗಬೇಕು. ಗಂಡುಮಕ್ಕಳೂ ಸೊಪ್ಪು ಸೋಸಲಿ, ರೊಟ್ಟಿಗೆ ಒಗ್ಗರಣೆ ಹಾಕಲು ಕಲಿಯಲಿ. ನಿನ್ನೆಯ ರೊಟ್ಟಿ ಎಲ್ಲರ ತಟ್ಟೆಗೂ ಬೀಳಲಿ, ಇಂದಿನ ಬಿಸಿ ರೊಟ್ಟಿಯೂ ಎಲ್ಲರಿಗೂ ಸಿಗಲಿ. ಇಡೀ ಮನೆ ಒಟ್ಟಿಗೆ ಕುಳಿತು ಉಣ್ಣುವಾಗಷ್ಟೇ ಈ ಉಳಿತಾಯಕ್ಕೆ ನ್ಯಾಯದ ಬೆಲೆ ಸಂದಂತೆ.