ಕರೆಂಟಿನ ಕಾರು: ತಿಕೋಟಾಕ್ಕೆ ಸೈ, ಬೆಂಗಳೂರಿಗೆ ಹೈರಾಣ

ಪೆಟ್ರೋಲು ಲೀಟರಿಗೆ ನೂರು ರೂಪಾಯಿ ದಾಟಿದ್ದು 2021ರಲ್ಲಿ. ಅಂದಿನಿಂದ ವಿಜಯಪುರದ ಅಂಗಡಿಕಾರರ ಬಾಯಲ್ಲಿ ಒಂದು ಪ್ರಶ್ನೆ ಓಡಾಡುತ್ತಲೇ ಇದೆ: "ಕರೆಂಟಿನ ಗಾಡಿ ತಗೊಂಡ್ರ ಹ್ಯಾಂಗ್ರೀ?" ಸ್ಕೂಟರಿನ ವಿಷಯದಲ್ಲಿ ಎಷ್ಟೋ ಮಂದಿ ತಾವೇ ಉತ್ತರ ಕಂಡುಕೊಂಡಿದ್ದಾರೆ. ಕಾರಿನ ಮಾತು ಬಂದಾಗ ಮಾತ್ರ ಎರಡು ಪಕ್ಷ. ಒಂದು ಪಕ್ಷ "ಪುಕ್ಕಟೆ ಓಡತೈತಿ" ಅನ್ನುತ್ತದೆ. ಇನ್ನೊಂದು ಪಕ್ಷ "ಹಾದ್ಯಾಗ ನಿಂತ್ರ ಎಳಕೊಂಡು ಬರಾಕ ಎತ್ತು ಬೇಕು" ಅನ್ನುತ್ತದೆ. ಎರಡೂ ಅರ್ಧ ಸತ್ಯ. ಕೊಳ್ಳುವವನು ದಿನಕ್ಕೆ ಎಷ್ಟು ಓಡಾಡುತ್ತಾನೆ, ರಾತ್ರಿ ಗಾಡಿ ಎಲ್ಲಿ ನಿಲ್ಲಿಸುತ್ತಾನೆ, ಈ ಎರಡು ಗೊತ್ತಾದರೆ ಉಳಿದರ್ಧ ತಾನೇ ಹೊರಬೀಳುತ್ತದೆ.

ಇದೇನು ನಿನ್ನೆ ಮೊನ್ನೆಯ ಗಾಡಿಯಲ್ಲ

ಕರೆಂಟಿನ ಕಾರು ಹೊಸ ಶೋಧವೆಂದು ತಿಳಿದವರು ಬಹಳ. 1900ರ ಸುಮಾರಿಗೇ ಅಮೆರಿಕದ ಪಟ್ಟಣಗಳಲ್ಲಿ ಬ್ಯಾಟರಿ ಕಾರುಗಳು ಓಡುತ್ತಿದ್ದವು. ಆಗ ಪೆಟ್ರೋಲು ಗಾಡಿಯನ್ನು ಹ್ಯಾಂಡಲ್ ತಿರುಗಿಸಿ ಚಾಲೂ ಮಾಡಬೇಕಿತ್ತು, ರಟ್ಟೆ ಮುರಿಯುವ ಕೆಲಸ. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಸೆಲ್ಫ್ ಸ್ಟಾರ್ಟರ್ ಬಂತು. ಪೆಟ್ರೋಲೂ ಅಗ್ಗವಾಗಿ ಸಿಗತೊಡಗಿತು. ಬ್ಯಾಟರಿ ಗಾಡಿ ಮೂಲೆ ಸೇರಿತು.

ನಮ್ಮ ರಾಜ್ಯಕ್ಕೂ ಈ ಗಾಡಿಗೂ ಹಳೆಯ ನಂಟು. ಬೆಂಗಳೂರಿನ ರೇವಾ ಕಂಪನಿ 2001ರಲ್ಲಿ ಒಂದು ಪುಟ್ಟ ಕರೆಂಟಿನ ಕಾರನ್ನು ಮಾರುಕಟ್ಟೆಗೆ ತಂದಿತು. ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಹುಡುಗರು ಕೂಡುವಷ್ಟು ಜಾಗ. ಒಂದು ಚಾರ್ಜಿಗೆ ಸುಮಾರು 80 ಕಿ.ಮೀ. ಓಟ. ಲಂಡನ್ನಿನಲ್ಲಿ 'ಜಿ-ವಿಜ್' ಎಂಬ ಹೆಸರಿನಿಂದ ಅದು ಓಡಿತು. 2010ರಲ್ಲಿ ಮಹೀಂದ್ರಾ ಕಂಪನಿ ಅದನ್ನು ತನ್ನ ಕೈಗೆ ತೆಗೆದುಕೊಂಡಿತು. ಅಂದಿನ ರೇವಾದಲ್ಲಿದ್ದದ್ದು ಸೀಸದ ಬ್ಯಾಟರಿ. ಈಗಿನವು ಲಿಥಿಯಂ ಬ್ಯಾಟರಿಗಳು. ಅದೇ ತೂಕಕ್ಕೆ ಹಲವು ಪಟ್ಟು ಹೆಚ್ಚು ಕರೆಂಟು ಹಿಡಿಯುತ್ತವೆ.

2022ರಲ್ಲಿ ಬಂದ ಟಾಟಾ ಟಿಯಾಗೋ ಕರೆಂಟು ಕಾರಿನ ಲೆಕ್ಕ ನೋಡಿ. ಅದರ ದೊಡ್ಡ ಬ್ಯಾಟರಿ 24 ಯೂನಿಟ್ ಹಿಡಿಯುವಂಥದು. ಪರೀಕ್ಷೆಯಲ್ಲಿ 315 ಕಿ.ಮೀ. ಓಡಿತೆಂದು ಕಂಪನಿ ಹೇಳಿತ್ತು. ಪರೀಕ್ಷೆಯ ಓಟ ಬೇರೆ, ರಸ್ತೆಯ ಓಟ ಬೇರೆ. ಎ.ಸಿ. ಹಚ್ಚಬೇಕು, ನಾಲ್ಕು ಮಂದಿ ಕೂಡಬೇಕು, ಹೈವೇದಲ್ಲಿ ಎಂಬತ್ತು ತೊಂಬತ್ತರ ವೇಗ ಬೇಕು. ನೂರಕ್ಕೆ ಅರವತ್ತು ಎಂದು ಹಿಡಿದರೆ ಮೋಸವಾಗದು. ಅಂದರೆ ಸುಮಾರು 190 ಕಿ.ಮೀ.

ಟಾಂಗಾದ ನ್ಯಾಯ

ವಿಜಯಪುರದಿಂದ ತಿಕೋಟಾ ಸುಮಾರು 20 ಕಿ.ಮೀ., ಬಬಲೇಶ್ವರ ಸುಮಾರು 25 ಕಿ.ಮೀ. ದಿನಾ ಹೋಗಿ ಬಂದರೂ 40-50 ಕಿ.ಮೀ. ಮೀರದು. ಒಮ್ಮೆ ಚಾರ್ಜು ತುಂಬಿದರೆ ಮೂರು ನಾಲ್ಕು ದಿನಕ್ಕೆ ಸಾಕು. ಈ ಓಡಾಟಕ್ಕೆ "ಹಾದ್ಯಾಗ ನಿಂತ್ರ?" ಎಂಬ ಹೆದರಿಕೆ ಬೇಕಿಲ್ಲ.

ವಿಜಯಪುರದವರಿಗೆ ಇದನ್ನು ತಿಳಿಸುವುದು ಕಠಿಣವಲ್ಲ. ಈ ಊರು ಟಾಂಗಾ ಕಂಡ ಊರು. ಟಾಂಗಾದವ ಕುದುರೆಗೆ ಹಾದಿಯಲ್ಲಿ ಹೊಟ್ಟೆ ತುಂಬಾ ಮೇಯಿಸುತ್ತಿರಲಿಲ್ಲ. ರಾತ್ರಿ ಕಟ್ಟಿ ಹುಲ್ಲು ಹಾಕಿದರೆ ಬೆಳಿಗ್ಗೆ ಗಾಡಿ ತಯಾರು. ಕರೆಂಟಿನ ಕಾರಿಗೂ ಅದೇ ನ್ಯಾಯ. ಮನೆಯ 15 ಆಂಪಿಯರಿನ ಪ್ಲಗ್ಗಿಗೆ ರಾತ್ರಿ ಸಿಗಿಸಿದರೆ ಎಂಟೊಂಬತ್ತು ತಾಸಿನಲ್ಲಿ ಹೊಟ್ಟೆ ತುಂಬುತ್ತದೆ. ಪೆಟ್ರೋಲಿನಂತೆ ಐದು ನಿಮಿಷದಲ್ಲಿ ಆಗಬೇಕೆಂದರೆ ಆಗದು. ಕಟ್ಟುವ ಜಾಗ ಇದ್ದವನಿಗೆ ಕುದುರೆ, ಇಲ್ಲದವನಿಗೆ ತಲೆನೋವು.

ರೊಕ್ಕದ ಲೆಕ್ಕ

ಈಗ ರೊಕ್ಕದ ಮಾತು. ತಿಕೋಟಾದಿಂದ ದಿನಾ ವಿಜಯಪುರಕ್ಕೆ ಬಂದು ಅಂಗಡಿ ತೆರೆಯುವ ಒಬ್ಬ ವ್ಯಾಪಾರಿಯನ್ನು ಹಿಡಿಯೋಣ. ತಿಂಗಳಿಗೆ ಸಾವಿರ ಕಿ.ಮೀ. ಓಡಾಟ.

ಪೆಟ್ರೋಲು ಕಾರು ಲೀಟರಿಗೆ 16 ಕಿ.ಮೀ. ಕೊಟ್ಟರೆ ತಿಂಗಳಿಗೆ ಸುಮಾರು 62 ಲೀಟರು. ಲೀಟರಿಗೆ ನೂರು ರೂಪಾಯಿಯ ಲೆಕ್ಕದಲ್ಲಿ 6,200 ರೂಪಾಯಿ. ಕರೆಂಟಿನ ಸಣ್ಣ ಕಾರು ಯೂನಿಟ್ಟಿಗೆ ಏಳು ಕಿ.ಮೀ. ಓಡಿದರೆ, ಚಾರ್ಜು ಮಾಡುವಾಗ ಸೋರಿಹೋಗುವುದನ್ನೂ ಸೇರಿಸಿ 160 ಯೂನಿಟ್ ಬೇಕು. ತೆರಿಗೆ ಗಿರಿಗೆ ಕೂಡಿ ಯೂನಿಟ್ಟಿಗೆ ಏಳು ರೂಪಾಯಿ ಹಿಡಿದರೆ 1,120 ರೂಪಾಯಿ. ತಿಂಗಳಿಗೆ ಉಳಿದದ್ದು ಐದು ಸಾವಿರದ ಮೇಲೆ. ವರ್ಷಕ್ಕೆ ಅರವತ್ತು ಸಾವಿರ. ಇಂಜಿನ್ ಆಯಿಲ್ ಇಲ್ಲ, ಕ್ಲಚ್ ಇಲ್ಲ, ಸೈಲೆನ್ಸರ್ ಇಲ್ಲ. ಸರ್ವಿಸಿನ ಖರ್ಚೂ ಇಳಿಯುತ್ತದೆ.

ಆದರೆ ಕೊಳ್ಳುವಾಗ? ಅದೇ ಅಳತೆಯ ಪೆಟ್ರೋಲು ಕಾರಿಗಿಂತ ಕರೆಂಟಿನದು ಮೂರು ಲಕ್ಷ ಹೆಚ್ಚು ಎಂದು ಹಿಡಿಯೋಣ. ಕೈಯಲ್ಲಿ ರೊಕ್ಕ ಇದ್ದವನಿಗೆ ಐದು ವರ್ಷದಲ್ಲಿ ಹೆಚ್ಚುವರಿ ವಾಪಸು. ಸಾಲ ಮಾಡಿದವನಿಗೆ ಬಡ್ಡಿ ಸೇರಿ ಆರೂವರೆ ವರ್ಷ. ಬ್ಯಾಟರಿಗೆ ಕಂಪನಿಗಳು ಸಾಮಾನ್ಯವಾಗಿ ಕೊಡುವ ವಾರಂಟಿ ಎಂಟು ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿಯೊಳಗೇ ಲೆಕ್ಕ ಮುಗಿಯುತ್ತದೆ. ಲಾಭ ಬಹಳವಲ್ಲ, ನಷ್ಟವೂ ಅಲ್ಲ.

ಇನ್ನೊಬ್ಬನನ್ನು ನೋಡಿ. ಊರೊಳಗೇ ಮನೆ, ಊರೊಳಗೇ ಅಂಗಡಿ. ಮದುವೆ ಮುಂಜಿವೆಗೆ, ಅಮಾವಾಸ್ಯೆಗೆ ಕಾರು ತೆಗೆಯುವವ. ತಿಂಗಳಿಗೆ 300 ಕಿ.ಮೀ. ಅವನಿಗೆ ತಿಂಗಳಿಗೆ ಉಳಿಯುವುದು ಒಂದೂವರೆ ಸಾವಿರ. ಮೂರು ಲಕ್ಷ ವಾಪಸು ಬರಲು ಹದಿನಾರು ವರ್ಷ ಬೇಕು! ಅಷ್ಟರಲ್ಲಿ ಗಾಡಿಯೇ ಉಳಿದಿರುವುದಿಲ್ಲ. ಇಂಥವರು ನೆರೆಯವ ತಗೊಂಡನೆಂದು ಕರೆಂಟಿನ ಕಾರು ತಗೊಂಡರೆ ಅದು ಶೋಕಿ, ಉಳಿತಾಯವಲ್ಲ.

ಇನ್ನೊಂದು ಬದಲಾವಣೆಯನ್ನೂ ಗಮನಿಸಬೇಕು. ಕರೆಂಟಿನ ಗಾಡಿಗೆ ಜಿ.ಎಸ್.ಟಿ. 2019ರಿಂದ ಶೇ. 5. ಸಣ್ಣ ಪೆಟ್ರೋಲು ಕಾರಿಗೆ ಶೇ. 28 ಮತ್ತು ಅದರ ಮೇಲೆ ಸೆಸ್ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ. 18ಕ್ಕೆ ಇಳಿಯಿತು. ಹೀಗಾಗಿ ಸಣ್ಣ ಪೆಟ್ರೋಲು ಕಾರು ಅಗ್ಗವಾಗಿ, ಎರಡರ ನಡುವಿನ ಅಂತರ ಮತ್ತೆ ಬೆಳೆಯಿತು.

ಗೃಹಜ್ಯೋತಿಗೆ ಕುತ್ತು

ಷೋರೂಮಿನವರು ಹೇಳದ ಒಂದು ಮಾತಿದೆ. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ ಮನೆಗೆ ಕರೆಂಟು ಪುಕ್ಕಟೆ. ಆದರೆ ಅದಕ್ಕೆ ಮಿತಿ ಉಂಟು. ಹಿಂದಿನ ಸರಾಸರಿಯ ಮೇಲೆ ಸ್ವಲ್ಪ ಹೆಚ್ಚು, ಅದೂ 200 ಯೂನಿಟ್ಟಿನೊಳಗೆ. 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು.

ಮನೆಗೆ 90 ಯೂನಿಟ್ ಸುಡುವವರ ಬಿಲ್ಲು ಸೊನ್ನೆ ಬರುತ್ತಿತ್ತು ಎನ್ನಿ. ಕಾರಿನ 160 ಯೂನಿಟ್ ಕೂಡಿದರೆ 250. ಆಗ ಕಾರಿನ 160ಕ್ಕಷ್ಟೇ ಅಲ್ಲ, ಫ್ಯಾನು ದೀಪದ 90ಕ್ಕೂ ರೊಕ್ಕ! 1,120 ಅಂದುಕೊಂಡದ್ದು 1,750 ಆಗುತ್ತದೆ. ಆದರೂ ಪೆಟ್ರೋಲಿಗಿಂತ ಅಗ್ಗವೇ, ಸುಳ್ಳಲ್ಲ. ಆದರೆ "ಪುಕ್ಕಟೆ ಓಡತೈತಿ" ಎಂಬ ಮಾತು ಅಲ್ಲಿಗೆ ಮುಗಿಯಿತು. ಗಾಡಿ ಚಾರ್ಜಿಗೆ ಬೇರೆ ಮೀಟರು ಸಿಗುವುದೋ, ದರ ಎಷ್ಟು ಎಂಬುದನ್ನು ಗಾಡಿ ಬುಕ್ ಮಾಡುವ ಮೊದಲೇ ಹೆಸ್ಕಾಂ ಕಚೇರಿಯಲ್ಲಿ ಕೇಳಿಕೊಳ್ಳುವುದು ಲೇಸು. ಮನೆಯ ಅರ್ಥಿಂಗ್ ಸರಿಯಿಲ್ಲದಿದ್ದರೆ ಎಷ್ಟೋ ಚಾರ್ಜರುಗಳು ಚಾಲೂ ಆಗುವುದೇ ಇಲ್ಲ. ಅದನ್ನೂ ತೋರಿಸಿಕೊಳ್ಳಬೇಕು.

ಓಣಿ ಮತ್ತು ವಸ್ತಿ

ಹಳೆಯ ಊರಿನ ಓಣಿಗಳ ಕಥೆ ಬೇರೆ. ಮನೆ ಬಾಗಿಲಿಗೆ ಸೈಕಲ್ ಮೋಟಾರ್ ಬಂದರೆ ದೊಡ್ಡದು. ಕಾರು ನಿಲ್ಲುವುದು ಎಲ್ಲೋ ದೂರದ ರಸ್ತೆ ಬದಿಗೆ. ಅಲ್ಲಿಗೆ ಮನೆಯಿಂದ ವಾಯರ್ ಎಳೆಯುತ್ತೇನೆಂದರೆ ಅದು ಸಾವಿಗೆ ಆಹ್ವಾನ. ಮಳೆ ಬಂದರೆ, ದನ ತುಳಿದರೆ, ಹುಡುಗರು ಕೈ ಹಚ್ಚಿದರೆ ಯಾರು ಹೊಣೆ? ಇಂಥ ಕಡೆ ಇರುವವರಿಗೆ ಸದ್ಯ ಪೆಟ್ರೋಲು ಕಾರೇ ವಾಸಿ.

ತಿಕೋಟಾ, ಬಬಲೇಶ್ವರದ ಕಡೆ ಅನುಕೂಲಸ್ಥರು ಎಷ್ಟೋ ಮಂದಿ ದ್ರಾಕ್ಷಿ ಬೆಳೆಗಾರರು. ಜಾಗಕ್ಕೆ ಬರವಿಲ್ಲ. ಆದರೆ ಊರೊಳಗಿನ ಮನೆಗೂ ತೋಟದ ವಸ್ತಿಗೂ ಕರೆಂಟಿನಲ್ಲಿ ಅಜಗಜಾಂತರ. ನಿರಂತರ ಜ್ಯೋತಿಯ ಲೈನಿದ್ದ ಊರಿನ ಮನೆಗೆ ರಾತ್ರಿಯಿಡೀ ಕರೆಂಟು. ಪಂಪ್‌ಸೆಟ್ಟಿನ ಲೈನಿಗೆ ಅಂಟಿದ ವಸ್ತಿಗೆ ತ್ರೀ ಫೇಸು ಕೊಡುವುದು ಗೊತ್ತುಮಾಡಿದ ತಾಸುಗಳಷ್ಟೇ. ಆ ತಾಸಿನಲ್ಲಿ ಬೋರಿಗೆ ಕರೆಂಟು ಬೇಕೋ ಕಾರಿಗೆ ಬೇಕೋ? ರೈತ ಬೆಳೆಯನ್ನೇ ನೋಡುತ್ತಾನೆ. ವಸ್ತಿಯ ಮಾಡಿನ ಮೇಲೆ ಸೋಲಾರ್ ಹಾಕಿಸಿಕೊಂಡವನ ಮಾತು ಬೇರೆ. ಈ ಜಿಲ್ಲೆಯ ಬಿಸಿಲಿಗೆ ಕೊರತೆಯಿಲ್ಲ.

ಆ ಬಿಸಿಲೇ ಬ್ಯಾಟರಿಗೆ ವೈರಿಯೂ ಹೌದು. ಏಪ್ರಿಲ್-ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಲಿಥಿಯಂ ಬ್ಯಾಟರಿ ಕಾದಷ್ಟೂ ಬೇಗ ಸವೆಯುತ್ತದೆ. ಗಾಡಿಯನ್ನು ನೆರಳಿಗೆ ನಿಲ್ಲಿಸಬೇಕು. ಬಿಸಿಲಲ್ಲಿ ಓಡಿ ಬಂದ ಕೂಡಲೇ ಚಾರ್ಜಿಗೆ ಹಾಕದೆ, ರಾತ್ರಿ ತಂಪಾದ ಮೇಲೆ ಹಾಕಿದರೆ ಒಳ್ಳೆಯದು.

ದೂರದ ಹಾದಿ

ಸೊಲ್ಲಾಪುರ ಸುಮಾರು 100 ಕಿ.ಮೀ. ಹೋಗಿ ಬರಲು 200. ಸಣ್ಣ ಕಾರಿಗೆ ಅಂಚಿನ ಲೆಕ್ಕ. ಸಾಮಾನು ಖರೀದಿ ಮಾಡುವ ಹೊತ್ತಿನಲ್ಲಿ ಅಲ್ಲಿ ಒಂದು ತಾಸು ಚಾರ್ಜು ಹಾಕಿದರೆ ನಡೆದೀತು. ಬೆಂಗಳೂರು ಮಾತ್ರ 500 ಕಿ.ಮೀ. ಮೀರಿದ ಹಾದಿ. ಸಣ್ಣ ಕಾರಿಗೆ ಮೂರು ಕಡೆಯಾದರೂ ನಿಲ್ಲಬೇಕು, ಬೇಗ ತುಂಬುವ ಚಾರ್ಜರಿನಲ್ಲೂ ಒಂದೊಂದು ಕಡೆ ತಾಸಿನ ಹೊತ್ತು. ಅದೂ ಚಾರ್ಜರು ಖಾಲಿ ಇದ್ದರೆ, ಕೆಟ್ಟಿರದಿದ್ದರೆ. ದವಾಖಾನೆಗೆ ಪೇಶಂಟ್ ಕರೆದೊಯ್ಯುವಾಗ ಈ ಕಾಯುವಿಕೆ ಯಾರಿಗೂ ಬೇಡ. ದೊಡ್ಡ ಬ್ಯಾಟರಿಯ ಗಾಡಿಗೆ ಈ ತ್ರಾಸು ಕಡಿಮೆ, ಆದರೆ ಅದರ ಬೆಲೆ ಕೇಳಿದರೆ ಅಂಗಡಿಕಾರ ಕುರ್ಚಿ ಹಿಡಿದು ಕೂಡಬೇಕು.

ವಿಚಿತ್ರ ಇಲ್ಲೇ ಇದೆ. ಹೆಚ್ಚು ಓಡಿದವನಿಗೆ ಕರೆಂಟಿನ ಕಾರು ಲಾಭ. ಆದರೆ ಎಲ್ಲರಿಗಿಂತ ಹೆಚ್ಚು ಓಡುವ ದೂರದ ಟ್ಯಾಕ್ಸಿಯವನಿಗೇ ಅದು ಅಡಚಣೆ.

ಹೊಗೆ ಎಲ್ಲಿ ಹೋಯಿತು?

ಕರೆಂಟಿನ ಗಾಡಿಗೆ ಹೊಗೆ ಇಲ್ಲ ಎನ್ನುತ್ತಾರೆ. ಗಾಂಧಿ ಚೌಕದಲ್ಲಿ ಇಲ್ಲ, ನಿಜ. ದಿನವಿಡೀ ರಸ್ತೆ ಬದಿಗೆ ಕೂಡುವ ವ್ಯಾಪಾರಿಯ ಮೂಗಿಗೆ ಅದು ದೊಡ್ಡ ಉಪಕಾರ. ಆದರೆ ಕರೆಂಟು ಆಕಾಶದಿಂದ ಇಳಿಯುವುದಿಲ್ಲ. ಇದೇ ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವ್ಯಾಟಿನ ಎನ್.ಟಿ.ಪಿ.ಸಿ. ಸ್ಥಾವರ ಕಲ್ಲಿದ್ದಲು ಸುಡುತ್ತದೆ. ಅದರ ವಿರುದ್ಧ ಚಳವಳಿ ನಡೆದು 2014ರ ಜುಲೈನಲ್ಲಿ ಗೋಲಿಬಾರ್ ಆಗಿ ರೈತರು ಗಾಯಗೊಂಡಿದ್ದನ್ನು ಜಿಲ್ಲೆಯ ಜನ ಮರೆತಿಲ್ಲ. ಆಲಮಟ್ಟಿಯ ನೀರಿನ ಕರೆಂಟು, ಗಾಳಿ, ಬಿಸಿಲಿನ ಕರೆಂಟು ಹೆಚ್ಚಿದಷ್ಟೂ ಗಾಡಿ ಶುದ್ಧ. ಅಲ್ಲಿಯವರೆಗೆ ಪಟ್ಟಣದ ಹೊಗೆಯ ಒಂದು ಪಾಲು ಹಳ್ಳಿಯ ಪಾಲಿಗೆ ಬೂದಿಯಾಗಿ ಬೀಳುತ್ತದೆ.

ಬಸ್ಸಿನವರ ಪ್ರಶ್ನೆ

ಇಷ್ಟೆಲ್ಲ ಓದಿ, ತಿಕೋಟಾ ಬಸ್ಸಿನಲ್ಲಿ ಜೋತುಬಿದ್ದು ಬರುವವರು ಕೇಳಬಹುದು: "ನಮಗೇನು ಇದರಾಗ?" ಕೇಳಬೇಕಾದ ಮಾತೇ. ಕರ್ನಾಟಕ ಸರ್ಕಾರ 2016ರಲ್ಲಿ ಕರೆಂಟಿನ ಗಾಡಿಗಳ ರಸ್ತೆ ತೆರಿಗೆ ಮಾಫಿ ಮಾಡಿತು. 2017ರಲ್ಲಿ ಇದಕ್ಕೆಂದೇ ನೀತಿ ತಂದ ಮೊದಲ ರಾಜ್ಯವೂ ಆಯಿತು. ಮಾಫಿಯ ಲಾಭ ಸಣ್ಣ ಕಾರಿಗಿಂತ ದುಬಾರಿ ಕಾರಿಗೇ ಹೆಚ್ಚು ಸಿಕ್ಕಿತು, ಬೆಲೆ ಏರಿದಂತೆ ತೆರಿಗೆಯೂ ಏರುವಂಥದಲ್ಲವೆ! 2024ರಲ್ಲಿ 25 ಲಕ್ಷ ಮೀರಿದ ಕಾರಿಗೆ ಶೇ. 10 ತೆರಿಗೆ ಹಾಕುವವರೆಗೂ ಈ ಉಡುಗೊರೆ ನಡೆಯಿತು. ಮಾಫಿ ಇಂದು ಇದ್ದಂತೆ ನಾಳೆ ಇರುವುದಿಲ್ಲ. ಗಾಡಿ ಕೊಳ್ಳುವವರು ಆರ್.ಟಿ.ಒ. ಕಚೇರಿಯಲ್ಲಿ ಅಂದಂದಿನ ದರ ಕೇಳಿಯೇ ಮುಂದುವರಿಯಬೇಕು.

ಒಂದು ಬಸ್ಸು ಐವತ್ತು ಮಂದಿಯನ್ನು ಹೊರುತ್ತದೆ. ಆ ಐವತ್ತು ಮಂದಿಗೆ ಕರೆಂಟಿನ ಲಾಭ ಮುಟ್ಟಬೇಕಾದರೆ ಅದು ಬಸ್ಸಿನ ಮೂಲಕವೇ ಮುಟ್ಟಬೇಕು. ಬೆಂಗಳೂರಿನಲ್ಲಿ 2014ರಲ್ಲೇ ಕರೆಂಟಿನ ಬಸ್ಸಿನ ಪ್ರಯೋಗ ನಡೆದಿತ್ತು. ಇಪ್ಪತ್ತು ಇಪ್ಪತ್ತೈದು ಕಿ.ಮೀ. ಸುತ್ತಳತೆಯಲ್ಲಿ ದಿನವಿಡೀ ಹೋಗಿ ಬರುವ, ರಾತ್ರಿ ಡಿಪೋದಲ್ಲೇ ನಿಲ್ಲುವ ತಿಕೋಟಾ, ಬಬಲೇಶ್ವರದ ಗಾಡಿಗಳಿಗಿಂತ ಇದಕ್ಕೆ ಹೊಂದುವ ಹಾದಿ ಬೇರೆ ಯಾವುದಿದೆ? ಕಾರಿನವನಿಗೆ ಇಲ್ಲದ ಕಟ್ಟುವ ಜಾಗ ಬಸ್ಸಿಗೆ ಇದೆ.

ಒಟ್ಟಿನಲ್ಲಿ, ಸ್ವಂತ ಅಂಗಳ, ಗಟ್ಟಿ ಕರೆಂಟು, ದಿನಾ ನಲವತ್ತು ಕಿ.ಮೀ. ಓಡಾಟ, ಈ ಮೂರೂ ಇದ್ದವರು ಧೈರ್ಯವಾಗಿ ಕರೆಂಟಿನ ಕಾರು ನೋಡಬಹುದು. ಮೂರರಲ್ಲಿ ಒಂದು ತಪ್ಪಿದರೂ ಪೆಟ್ರೋಲು ಗಾಡಿಯನ್ನೇ ಇನ್ನೊಂದಿಷ್ಟು ದಿನ ಓಡಿಸುವುದು ಜಾಣತನ. ಓಣಿಯವರಿಗೂ ಈ ಅನುಕೂಲ ಸಿಗಬೇಕೆಂದರೆ ಬಸ್ ನಿಲ್ದಾಣ, ಮಾರುಕಟ್ಟೆ, ಎ.ಪಿ.ಎಂ.ಸಿ. ಅಂಗಳಗಳಲ್ಲಿ ಮಹಾನಗರ ಪಾಲಿಕೆ ಮತ್ತು ಹೆಸ್ಕಾಂ ಸೇರಿ ಸಾಕಷ್ಟು ಚಾರ್ಜರು ನಿಲ್ಲಿಸಬೇಕು. ನಿಲ್ಲಿಸಿದರಷ್ಟೇ ಸಾಲದು, ಅವು ಕೆಟ್ಟಾಗ ರಿಪೇರಿಯನ್ನೂ ಮಾಡಿಸಬೇಕು.