ಹಳೇ ಸ್ಪೀಕರು ಮತ್ತು ‘ಅಪ್‌ಗ್ರೇಡ್’ ಎಂಬ ಚಟ

ಬಿಳಿಗೆರೆಯ ನಮ್ಮನೆ ಅಟ್ಟದಲ್ಲಿ ಅಪ್ಪನ ಹಳೇ ಸ್ಪೀಕರು ಜೋಡಿ ಇತ್ತು. ವೂಫರಿನ ಅಂಚಿನ ಫೋಮು ಮುಟ್ಟಿದರೆ ಪುಡಿ. ನಾನು ಮಹಾ ಇಂಜಿನಿಯರು ನೋಡಿ, ಹಳೇ ವೂಫರು ಗುಜರಿಗೆ ಹಾಕಿ ದುಬಾರಿ ಹೊಸದು ಕೂರಿಸಿದೆ. ಅಪ್ಪ ದೊರೆಸ್ವಾಮಿ ಅಯ್ಯಂಗಾರರ ಕ್ಯಾಸೆಟ್ ಎರಡು ನಿಮಿಷ ಕೇಳಿ, “ಬರೀ ಧಮ್ ಧಮ್. ವೀಣೆ ಎಲ್ಲಪ್ಪಾ?” ಅಂದ್ರು.

ಅವರ ಕಿವಿ ಸರಿ. ಪೆಟ್ಟಿಗೆಯ ಅಳತೆ, ಒಳಗಿನ ಕ್ರಾಸ್‌ಓವರ್ ಎರಡೂ ಮೂಲ ವೂಫರಿಗೇ ಹೊಂದಿಸಿದ್ದು. ವಯಸ್ಸಾದ ಮೇಲೆ ಬದಲಿಸಬೇಕಾದ್ದು ಫೋಮಿನ ಅಂಚು, ಒಣಗಿದ ಎಲೆಕ್ಟ್ರೋಲಿಟಿಕ್ ಕೆಪಾಸಿಟರು, ಅಷ್ಟೇ. ಮಿಕ್ಕಿದ್ದು ನಮ್ಮ ಚಟ.

ಈಗಲೂ ಹಳೇ ಜೋಡಿ ಕೊಳ್ತೀನಿ, ಮಾರ್ತೀನಿ. ಆದ್ರೆ ಏನು ಬದಲಿಸಿದೆ ಅಂತ ಚೀಟಿ ಬರೆದು, ಕಳಚಿದ ಭಾಗವನ್ನೂ ಜೊತೆಗೇ ಕೊಡ್ತೀನಿ. ಲಾಭ ಕಮ್ಮಿ, ನಿದ್ದೆ ಚೆನ್ನಾಗಿ ಬರುತ್ತೆ.

ಅಪ್ಪನ ವೂಫರು ಮಾತ್ರ ಇನ್ನೂ ಸಿಕ್ಕಿಲ್ಲ. ನಿಮ್ಮ ಅಟ್ಟದಲ್ಲೂ ಒಂದು ಜೋಡಿ ಇದ್ದರೆ, ಗುಜರಿಯವನನ್ನು ಕರೆಯೋ ಮುಂಚೆ ಒಂದ್ಸಲ ಯೋಚಿಸಿ.