ತೆರೆಮರೆ ತಂತ್ರ: ಅಟ್ಟದ ಮೇಲಿನ ಕ್ಯಾಸೆಟ್ಟಿಗೆ ಬಂದಿದೆ ಗಂಡಾಂತರ!

ಅಭಿಮಾನಿ ಮಿತ್ರರೇ, ಈ ವಾರ ಮುಹೂರ್ತದ ಸುದ್ದಿ ಇಲ್ಲ, ಶತದಿನದ ಸುದ್ದಿಯೂ ಇಲ್ಲ. ಈ ವಾರದ ನಾಯಕ ಒಂದು ಕರೀ ಡಬ್ಬಿ. ಹೊಟ್ಟೆಯೊಳಗೆ ಅರ್ಧ ಅಂಗುಲ ಅಗಲದ ಟೇಪು ಸುತ್ತಿಕೊಂಡು, ನಿಮ್ಮ ಮನೆ ಅಟ್ಟದ ಮೇಲೋ ಬೀರುವಿನ ತಳದಲ್ಲೋ ಧೂಳು ತಿನ್ನುತ್ತಾ ಕೂತಿರುವ ವಿ.ಎಚ್.ಎಸ್. ಕ್ಯಾಸೆಟ್!

"ಅಯ್ಯೋ, ಹಳೇ ಸಿನಿಮಾ ಎಲ್ಲಾ ಫೋನಿನಲ್ಲೇ ಸಿಗುತ್ತಲ್ಲ ಸ್ವಾಮಿ, ಆ ಡಬ್ಬಿ ಯಾರಿಗೆ ಬೇಕು?" ಅಂತೀರಾ? ಸ್ವಲ್ಪ ತಡೀರಿ. 1972ರ 'ಬಂಗಾರದ ಮನುಷ್ಯ' ಎಲ್ಲಿ ಬೇಕಾದರೂ ಸಿಕ್ಕೀತು. ಆದರೆ ನಿಮ್ಮೂರಿನ ಅಭಿಮಾನಿ ಸಂಘದವರು ಮಾಡಿದ ರಾಜ್ಯೋತ್ಸವ, ವೇದಿಕೆ ಮೇಲೆ ನಿಮ್ಮ ನೆಚ್ಚಿನ ನಟ ಕೈ ಮುಗಿದು ಆಡಿದ ನಾಲ್ಕು ಮಾತು, ಅಪ್ಪ-ಅಮ್ಮನ ಮದುವೆ ವಿಡಿಯೋದಲ್ಲಿ ಹೃದಯದಾಕಾರದ ಚೌಕಟ್ಟಿನೊಳಗೆ ನಗುವ ಅಜ್ಜಿ... ಇವು ಎಲ್ಲಿ ಸಿಗುತ್ತವೆ? ಪ್ರಪಂಚದಲ್ಲೆಲ್ಲಾ ಅದರದ್ದು ಒಂದೇ ಪ್ರತಿ. ಅದು ನಿಮ್ಮ ಅಟ್ಟದ ಮೇಲಿದೆ!

ಒಂದು ಪ್ರತಿ ಕಳೆದರೆ ಏನಾಗುತ್ತೆ ಅನ್ನೋದನ್ನ ಕನ್ನಡಿಗರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ಮೊದಲ ಟಾಕಿ 'ಸತಿ ಸುಲೋಚನ' ತೆರೆ ಕಂಡಿದ್ದು 1934ರ ಮಾರ್ಚ್ 3ರಂದು. ವೈ.ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರ ಅಭಿನಯ. ಇವತ್ತು ಅದನ್ನ ನೋಡೋಣ ಅಂದರೆ ಪ್ರತಿ ಇಲ್ಲ! ಹೆಸರುಂಟು, ಕಥೆಯುಂಟು, ಚಿತ್ರವೇ ಇಲ್ಲ. ನಿಮ್ಮ ಮನೆಯ ಕ್ಯಾಸೆಟ್ಟಿಗೂ ಅದೇ ಗತಿ ಆಗಬೇಕೇ?

ಕಾಲ ಯಾಕೆ ಕಡಿಮೆ ಅಂದರೆ, ಟೇಪು ಹಾಳಾಗುತ್ತಿದೆ, ಅದನ್ನ ಓಡಿಸೋ ಯಂತ್ರವೂ ಮಾಯವಾಗುತ್ತಿದೆ. ಜಪಾನಿನ ಜೆವಿಸಿ ಕಂಪನಿ 1976ರಲ್ಲಿ ಹೊರತಂದ ಈ ಪದ್ಧತಿ ಜಗತ್ತನ್ನೇ ಗೆದ್ದಿತು. ಕೊನೆಯವರೆಗೂ ವಿ.ಸಿ.ಆರ್. ತಯಾರಿಸುತ್ತಿದ್ದ ಫುನಾಯ್ ಕಂಪನಿ 2016ರ ಜುಲೈನಲ್ಲಿ ಕೈ ಚೆಲ್ಲಿತು. ಅಂದಮೇಲೆ ಈಗ ಓಡುತ್ತಿರೋ ಯಂತ್ರಗಳೇ ನಮ್ಮ ಪಾಲಿನ ಬಂಡವಾಳ.

ಮೊದಲು ಟೇಪಿನ ಮುಖ ನೋಡಿ

ಕಿಟಕಿ ಹತ್ತಿರ ಹಿಡಿದು ಕ್ಯಾಸೆಟ್ಟಿನ ಗಾಜಿನೊಳಗೆ ಇಣುಕಿ. ಸುರುಳಿಯ ಅಂಚಿನಲ್ಲಿ ಬಿಳೀ ಪುಡಿ ಥರ ಕಂಡರೆ ಅದು ಬೂಷ್ಟು. ಮಂಗಳೂರು-ಉಡುಪಿ ಕಡೆಯವರು, ಮಲೆನಾಡಿನವರು ಇದನ್ನ ಖಂಡಿತ ನೋಡಬೇಕು. ಬೂಷ್ಟು ಹಿಡಿದ ಟೇಪನ್ನ ಯಾವ ಕಾರಣಕ್ಕೂ ಯಂತ್ರಕ್ಕೆ ಹಾಕಬೇಡಿ! ಯಂತ್ರದ ಹೆಡ್ಡಿಗೆ ಅಂಟಿ, ಆಮೇಲೆ ಹಾಕಿದ ಒಳ್ಳೇ ಕ್ಯಾಸೆಟ್ಟಿಗೂ ರೋಗ ಹರಡುತ್ತೆ. ಅಂಥದ್ದನ್ನ ತಿಳಿದವರ ಕೈಗೆ ಕೊಡಿ.

ಟೇಪು ಚೆನ್ನಾಗಿದ್ದರೆ, ಬೆನ್ನಿನ ಮೇಲಿರೋ ಪುಟ್ಟ ಪ್ಲಾಸ್ಟಿಕ್ ಚೂರು ಮುರಿದುಬಿಡಿ. ಆಮೇಲೆ ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅಜ್ಜಿಯ ನಗು ಅಳಿಸಿಹೋಗಲ್ಲ. ನಂತರ ಟೇಪನ್ನ ಒಮ್ಮೆ ಕೊನೆವರೆಗೂ ಓಡಿಸಿ, ಮತ್ತೆ ಹಿಂದಕ್ಕೆ ಸುತ್ತಿ. ವರ್ಷಗಟ್ಟಲೆ ಒಂದೇ ಕಡೆ ಕೂತ ಸುರುಳಿ ಹದಕ್ಕೆ ಬರುತ್ತೆ.

ಹಳದಿಗೆ ಹಳದಿ, ಬಿಳಿಗೆ ಬಿಳಿ

ಜೋಡಣೆ ಬ್ರಹ್ಮವಿದ್ಯೆ ಏನಲ್ಲ. ಬೇಕಾಗಿರೋದು ಮೂರು: ಓಡುವ ವಿ.ಸಿ.ಆರ್., ಕಂಪ್ಯೂಟರ್, ಇವೆರಡರ ನಡುವೆ ಮದುವೆ ದಲ್ಲಾಳಿ ಥರ ಕೂರುವ ಯು.ಎಸ್.ಬಿ. ಕ್ಯಾಪ್ಚರ್ ಕಡ್ಡಿ. ಟೇಪಿನಲ್ಲಿರೋದು ಅಲೆಯ ರೂಪದ ಸಂಕೇತ, ಕಂಪ್ಯೂಟರಿಗೆ ಅರ್ಥವಾಗೋದು ಅಂಕಿ. ಅಲೆಯನ್ನ ಅಂಕಿ ಮಾಡೋದೇ ಈ ಕಡ್ಡಿಯ ಕೆಲಸ.

ವಿ.ಸಿ.ಆರಿನ 'ವಿಡಿಯೋ ಔಟ್'ನಿಂದ ಹಳದಿ ತಂತಿ, 'ಆಡಿಯೋ ಔಟ್'ನಿಂದ ಬಿಳಿ ಮತ್ತು ಕೆಂಪು. ಹಳೇ ಯಂತ್ರದಲ್ಲಿ ಶಬ್ದಕ್ಕೆ ಒಂದೇ ತೂತು ಇದ್ದರೆ ಗಾಬರಿ ಬೇಡ, ಬಿಳಿಯದು ಸಾಕು. ಒಂದೇ ಕಿವಿಯಲ್ಲಿ ಕೇಳಿಸುತ್ತೆ. ಆಮೇಲೆ ಕಂಪ್ಯೂಟರಿನಲ್ಲಿ ಎರಡೂ ಕಡೆಗೆ ಹಂಚಬಹುದು. ಆಂಟೆನಾ ತಂತಿಯ ತೂತಿನಿಂದ ಮಾತ್ರ ತೆಗೆಯಬೇಡಿ, ಚಿತ್ರ ಮಸುಕಾಗುತ್ತೆ. ಹಿಡಿದಿಡೋ ಸಾಫ್ಟ್‌ವೇರಿಗೂ ದುಡ್ಡು ಬೇಡ. ಓ.ಬಿ.ಎಸ್. ಸ್ಟುಡಿಯೋ, ವರ್ಚುವಲ್‌ಡಬ್ ಇವೆಲ್ಲ ಪುಕ್ಕಟೆ.

ಮಿನಿ ಡಿ.ವಿ. ಕ್ಯಾಸೆಟ್ ಇದ್ದವರಿಗೆ ಬೇರೆ ದಾರಿ. ಅದರಲ್ಲಿ ಇರೋದೇ ಅಂಕಿ. ಹಳದಿ ತಂತಿ ಹಾಕಿ ಕೆಡಿಸಬೇಡಿ. ಕ್ಯಾಮೆರಾದಿಂದ 'ಫೈರ್‌ವೈರ್' ತಂತಿಯಲ್ಲಿ ಇದ್ದದ್ದು ಇದ್ದ ಹಾಗೇ ಇಳಿಯುತ್ತೆ. ಹೊಸ ಕಂಪ್ಯೂಟರುಗಳಲ್ಲಿ ಆ ಕಿಂಡಿ ಇಲ್ಲ, ಹಳೇದೊಂದು ಹುಡುಕಿಕೊಳ್ಳಿ.

'ಪಾಲ್' ಮರೆತರೆ ಗೋಳು

ಸಾಫ್ಟ್‌ವೇರ್ ತೆರೆದ ಕೂಡಲೇ ಕೇಳೋ ಪ್ರಶ್ನೆ: ಪಾಲೋ, ಎನ್.ಟಿ.ಎಸ್.ಸಿ.ಯೋ? ನಮ್ಮದು ಪಾಲ್. 625 ಗೆರೆ, ಸೆಕೆಂಡಿಗೆ 25 ಚಿತ್ರ. ಅಮೆರಿಕ, ಜಪಾನಿನ 525 ಗೆರೆಯ ಪದ್ಧತಿ ಒತ್ತಿದಿರೋ, ಬಣ್ಣ ಹೋಗಿ ಚಿತ್ರ ಉರುಳೋಕೆ ಶುರು! ಅಳತೆ 720ಕ್ಕೆ 576 ಇಡಿ. ಅಷ್ಟೇ ಸಾಕು. ವಿ.ಎಚ್.ಎಸ್. ಟೇಪಿನ ಸೂಕ್ಷ್ಮತೆ ಅಡ್ಡಕ್ಕೆ ಸುಮಾರು 240 ಗೆರೆ ಅಷ್ಟೇ. ದೊಡ್ಡ ಅಳತೆ ಇಟ್ಟ ಮಾತ್ರಕ್ಕೆ ಇಲ್ಲದ ಚಂದ ಬರೋದಿಲ್ಲ.

ವಿ.ಸಿ.ಆರಿನೊಳಗಿನ ಉರುಳೆ ಸೆಕೆಂಡಿಗೆ 25 ಸುತ್ತು ತಿರುಗುತ್ತೆ. ಅದರಲ್ಲಿ ಎರಡು ಹೆಡ್. ಒಂದೊಂದೂ ಅರ್ಧರ್ಧ ಚಿತ್ರ ಓದುತ್ತೆ. ಮೊದಲು ಒಂದು ಬಿಟ್ಟು ಒಂದು ಗೆರೆ, ಆಮೇಲೆ ಉಳಿದವು. ಹಳೇ ಟೀವಿಗೆ ಇದೇ ಸರಿ. ಕಂಪ್ಯೂಟರ್ ಎರಡನ್ನೂ ಒಟ್ಟಿಗೆ ತೋರಿಸಿದಾಗ, ಫೈಟಿಂಗ್ ದೃಶ್ಯದಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ ಏಳುತ್ತೆ. ಟೇಪು ಕೆಟ್ಟಿದೆ ಅಂತ ಎಸೆದುಬಿಟ್ಟೀರಿ! ವಿ.ಎಲ್.ಸಿ.ಯಂಥ ಪ್ಲೇಯರಿನಲ್ಲಿ 'ಡಿ-ಇಂಟರ್‌ಲೇಸ್' ಒತ್ತಿದರೆ ಗೆರೆ ಮಾಯ. ಮೂಲ ಫೈಲನ್ನ ಮಾತ್ರ ಮುಟ್ಟಬೇಡಿ.

ಚಿತ್ರರಸಿಕರಿಗೆ ಇನ್ನೊಂದು ಗುಟ್ಟು. ಥಿಯೇಟರಿನಲ್ಲಿ ರೀಲು ಓಡೋದು ಸೆಕೆಂಡಿಗೆ 24 ಚಿತ್ರ. ಪಾಲ್ ಕ್ಯಾಸೆಟ್ಟಿಗೆ ಇಳಿಸುವಾಗ ಸಾಮಾನ್ಯವಾಗಿ 25ರಲ್ಲಿ ಓಡಿಸುತ್ತಿದ್ದರು. ಹಾಗಾಗಿ 150 ನಿಮಿಷದ ಚಿತ್ರ 144 ನಿಮಿಷಕ್ಕೇ 'ಶುಭಂ'! ಕತ್ತರಿ ಹಾಕಿದ್ದಾರೆ ಅಂತ ಜಗಳ ಆಡಬೇಡಿ. ದನಿ ಒಂಚೂರು ಕೀರಲಾಗಿ ಕೇಳೋದಕ್ಕೂ ಅದೇ ಕಾರಣ. ಇನ್ನೊಂದು ಮಾತು: ಹಳೇ ವಿಡಿಯೋ ಆಕಾರ 4ಕ್ಕೆ 3. ಅಗಲ ತೆರೆ ತುಂಬಲಿ ಅಂತ ಎಳೆದರೆ ಸಣಕಲು ನಾಯಕನೂ ಪೈಲ್ವಾನ್ ಆಗ್ತಾನೆ.

ಜಾಗ, ಹೊತ್ತು, ಹಕ್ಕು

ಮೂರು ಗಂಟೆ ಟೇಪಿಗೆ ಮೂರು ಗಂಟೆ ಕಾಯಲೇಬೇಕು, ಅಡ್ಡದಾರಿ ಇಲ್ಲ. ಡಿ.ವಿ. ರೂಪದಲ್ಲಿ ಇಟ್ಟರೆ ಗಂಟೆಗೆ ಸುಮಾರು 13 ಜಿ.ಬಿ.; ಸೆಕೆಂಡಿಗೆ 8 ಮೆಗಾಬಿಟ್‌ಗೆ ಹಿಂಡಿದರೆ ಸುಮಾರು 3.6 ಜಿ.ಬಿ. ಅಪರೂಪದ ಟೇಪನ್ನ ದೊಡ್ಡದಾಗೇ ಇಡಿ, ಹಂಚಿಕೊಳ್ಳೋಕೆ ಸಣ್ಣದು ಮಾಡಿ. ಚಿತ್ರ ನಡುಗಿದರೆ ಮೊದಲು 'ಟ್ರ್ಯಾಕಿಂಗ್' ಸರಿಮಾಡಿ. ಮಾತು, ತುಟಿ ಬೇರೆ ಬೇರೆ ಆದರೆ ಸಂಕೇತ ಮಧ್ಯೆ ಮಧ್ಯೆ ಕಡಿಯುತ್ತಿದೆ ಅಂತ ಅರ್ಥ. ಚಿಕ್ಕ ಚಿಕ್ಕ ಭಾಗವಾಗಿ ಹಿಡಿಯಿರಿ.

ಕೆಲವು ಕಂಪನಿ ಕ್ಯಾಸೆಟ್ಟುಗಳಲ್ಲಿ ನಕಲು ತಡೆಯೋ ಸಂಕೇತ ಇರುತ್ತೆ, ಕಡ್ಡಿ ಹಿಡಿಯೋಕೆ ಒಪ್ಪೋದಿಲ್ಲ. ಒಪ್ಪಿದರೂ ನೆನಪಿರಲಿ: ನಿಮ್ಮ ಮನೆಯವರೇ ಚಿತ್ರೀಕರಿಸಿದ್ದು ನಿಮ್ಮದು. ಬಿಡುಗಡೆಯಾದ ಚಿತ್ರದ ಹಕ್ಕು ನಿರ್ಮಾಪಕರದು. 1957ರ ಕಾಯಿದೆಯ ಪ್ರಕಾರ ಪ್ರಕಟವಾದ ಮರುವರ್ಷದಿಂದ 60 ವರ್ಷ. ಅಭಿಮಾನ ಬೇರೆ, ಕಳ್ಳ ನಕಲು ಬೇರೆ. ಎಲ್ಲೂ ಸಿಗದ ಹಳೇ ಚಿತ್ರವೇನಾದರೂ ಕೈಗೆ ಬಿದ್ದರೆ, 1964ರಲ್ಲಿ ಪುಣೆಯಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಭಂಡಾರಕ್ಕೆ ತಿಳಿಸಿ. ಅದು ದೊಡ್ಡ ಪುಣ್ಯದ ಕೆಲಸ.

ಕೊನೆಗೆ ಒಂದು ಬುದ್ಧಿಮಾತು. ಕಂಪ್ಯೂಟರಿಗೆ ಇಳಿಸಿದ ಮಾತ್ರಕ್ಕೆ ಗೆದ್ದೆವು ಅಂದುಕೊಳ್ಳಬೇಡಿ, ಹಾರ್ಡ್ ಡಿಸ್ಕೂ ಒಂದು ದಿನ ಸಾಯುತ್ತೆ. ಎರಡು ಡಿಸ್ಕಿನಲ್ಲಿ ಇಡಿ, ಒಂದನ್ನ ಅಕ್ಕನ ಮನೆಗೋ ಚಿಕ್ಕಪ್ಪನ ಮನೆಗೋ ಕಳಿಸಿ. ಕ್ಯಾಸೆಟ್ಟನ್ನೂ ಎಸೆಯಬೇಡಿ. ಒಣಗಿದ ತಂಪು ಜಾಗದಲ್ಲಿ ಪುಸ್ತಕದ ಥರ ನಿಲ್ಲಿಸಿ ಇಡಿ, ಮೇಲೆ ಹೆಸರು, ಊರು, ವರ್ಷ ಬರೆದು ಚೀಟಿ ಅಂಟಿಸಿ. ವೇದಿಕೆ ಮೇಲಿದ್ದವರು ಯಾರು ಯಾರು ಅಂತ ಹೇಳೋ ಹಿರಿಯರು ಮನೆಯಲ್ಲಿ ಇರುವಾಗಲೇ ಕೇಳಿ ಬರೆದುಕೊಳ್ಳಿ. ಈ ಭಾನುವಾರ ಮ್ಯಾಟಿನಿಗೆ ಹೋಗೋ ಮುಂಚೆ ಏಣಿ ಹಾಕಿ ಅಟ್ಟ ಹತ್ತಿ ನೋಡಿ ಮಿತ್ರರೇ!